ಓದುಗರ ಪ್ರಶ್ನೆ: ಚಾಪೆಲ್ ಗಂಟೆ, ಡೆನ್ಮಾರ್ಕ್ ರಾಜನ ಸನ್ನದು, ಹಾಸ್ಟೆಲ್ಲಿನ ಹಳೇ ಫೋಟೋ

ಬೆಂಗಳೂರಿನ ಸಣ್ಣ ಸಣ್ಣ ಕ್ರೈಸ್ತ ಕಾಲೇಜುಗಳ ಆಚರಣೆ, ಇತಿಹಾಸದ ಬಗ್ಗೆ ಪ್ರಶ್ನೆ ಕಳಿಸಿ ಅಂತ ಹೋದ ಸಂಚಿಕೆಯಲ್ಲಿ ಕೇಳಿದ್ದೆವು. ಸಣ್ಣ ಕಾಲೇಜು ಅಂದರೆ ಪ್ರಿನ್ಸಿಪಾಲರಿಗೆ ವಿದ್ಯಾರ್ಥಿಗಳ ಹೆಸರು ಗೊತ್ತಿರುವಷ್ಟು ಸಣ್ಣದು. ಬಂದ ಪತ್ರಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರ ಬರೆದಿದ್ದೇನೆ.

ನನ್ನ ಮಗಳು ಈ ವರ್ಷ ಬಿ.ಕಾಂ.ಗೆ ಒಂದು ಸಣ್ಣ ಕ್ರಿಶ್ಚಿಯನ್ ಕಾಲೇಜು ಸೇರಿದ್ದಾಳೆ. ಬೆಳಗ್ಗೆ ಅಸೆಂಬ್ಲಿಯಲ್ಲಿ ಪ್ರಾರ್ಥನೆ, ಬೈಬಲ್ ಓದು ಇರುತ್ತದಂತೆ. ಡಿಸೆಂಬರ್‌ನ ಕ್ಯಾರಲ್‌ಗೂ (ಕ್ರಿಸ್ಮಸ್ ಹಾಡಿನ ಕಾರ್ಯಕ್ರಮ) ಅವಳ ಹೆಸರು ಬರೆದುಕೊಂಡಿದ್ದಾರೆ. ನಾವು ಲಿಂಗಾಯತರು. ಇದಕ್ಕೆಲ್ಲ ಒಪ್ಪಲೇಬೇಕಾ?
— ಗೃಹಿಣಿ, ಬಸವೇಶ್ವರನಗರ

ಒಪ್ಪಲೇಬೇಕು ಅಂತ ಇಲ್ಲಮ್ಮ. ಸಂವಿಧಾನದ 30ನೇ ವಿಧಿ ಅಲ್ಪಸಂಖ್ಯಾತರಿಗೆ ತಮ್ಮ ಕಾಲೇಜು ಕಟ್ಟಿ ನಡೆಸುವ ಹಕ್ಕು ಕೊಟ್ಟಿದೆ. ಅದೇ ಸಂವಿಧಾನದ 28(3)ನೇ ವಿಧಿ, ಸರ್ಕಾರದ ಮಾನ್ಯತೆ ಅಥವಾ ಅನುದಾನ ಇರುವ ಯಾವ ವಿದ್ಯಾಸಂಸ್ಥೆಯಲ್ಲೂ ಒಪ್ಪಿಗೆ ಇಲ್ಲದೆ ಯಾರನ್ನೂ ಧಾರ್ಮಿಕ ಬೋಧನೆಗೋ ಪ್ರಾರ್ಥನೆಗೋ ಕೂರಿಸುವ ಹಾಗಿಲ್ಲ ಅನ್ನುತ್ತದೆ. ಮಗಳಿಗೆ 18 ತುಂಬಿದ್ದರೆ ಅವಳ ಒಪ್ಪಿಗೆ ಸಾಕು, ತುಂಬಿರದಿದ್ದರೆ ನಿಮ್ಮದು ಬೇಕು. ಬೇಡ ಅನ್ನಿಸಿದರೆ ಪ್ರಿನ್ಸಿಪಾಲರಿಗೆ ಎರಡು ಸಾಲಿನ ಪತ್ರ ಕೊಡಿ. ಕಾರಣ ವಿವರಿಸುವ ಅಗತ್ಯ ಇಲ್ಲ.

ಆದರೆ ಪತ್ರ ಬರೆಯುವ ಮೊದಲು ಮಗಳನ್ನೇ ಒಂದು ಮಾತು ಕೇಳಿ. ಅವಳಿಗೆ ಹಾಡುವುದು ಇಷ್ಟವಿದ್ದರೆ ತಡೆಯಬೇಡಿ ಅನ್ನುವುದು ನನ್ನ ಅಭಿಪ್ರಾಯ. ಪ್ರೊಟೆಸ್ಟಂಟ್ ಕಾಲೇಜುಗಳಲ್ಲಿ ಕ್ಯಾರಲ್ ಕಾರ್ಯಕ್ರಮ ಸಾಮಾನ್ಯವಾಗಿ ಬೈಬಲ್‌ನಿಂದ ಒಂಬತ್ತು ಓದು, ನಡುನಡುವೆ ಹಾಡು ಅನ್ನುವ ಕ್ರಮದಲ್ಲಿ ನಡೆಯುತ್ತದೆ. ಇದು ಇಂಗ್ಲೆಂಡಿನ ಟ್ರೂರೋ ಊರಿನಲ್ಲಿ 1880ರ ಕ್ರಿಸ್ಮಸ್ ಹಿಂದಿನ ರಾತ್ರಿ ಶುರುವಾಯಿತು. ಆಗ ಅಲ್ಲಿನ ದೊಡ್ಡ ಚರ್ಚ್ ಇನ್ನೂ ಕಟ್ಟುತ್ತಿದ್ದರು, ಮರದ ಶೆಡ್ಡಿನಲ್ಲೇ ಜನ ಸೇರಿದ್ದರು. ಮೊದಲನೇ ಮಹಾಯುದ್ಧ ಮುಗಿದ 1918ರಲ್ಲಿ ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜು ಇದನ್ನು ತೆಗೆದುಕೊಂಡಿತು. ಸೈನ್ಯದಲ್ಲಿ ಪಾದ್ರಿಯಾಗಿ ಯುದ್ಧಭೂಮಿ ನೋಡಿ ಬಂದ ಎರಿಕ್ ಮಿಲ್ನರ್-ವೈಟ್ ಅನ್ನುವವರು ಅದಕ್ಕೆ ಹೊಸ ರೂಪ ಕೊಟ್ಟರು. 1928ರಿಂದ ರೇಡಿಯೋದಲ್ಲಿ ಬರಲು ಶುರುವಾದ ಮೇಲೆ ಅದು ಊರೂರಿಗೆ ಹರಡಿತು.

ನನಗೆ ತುಂಬ ಹಿಡಿಸುವುದು ಓದುವವರ ಸರದಿ. ಟ್ರೂರೋದಲ್ಲಿ ಮೊದಲ ಓದು ಹಾಡುವ ಹುಡುಗನದು, ಕೊನೆಯದು ಬಿಷಪ್‌ರದು. ಎಲ್ಲರಿಗಿಂತ ಚಿಕ್ಕವರಿಂದ ಶುರು. ಇದನ್ನು ಚೆನ್ನಾಗಿ ನಡೆಸುವ ಸಣ್ಣ ಕಾಲೇಜುಗಳು ಈಗಲೂ ಮೊದಲ ವರ್ಷದ ವಿದ್ಯಾರ್ಥಿಯಿಂದಲೇ ಆರಂಭಿಸುತ್ತವೆ. ಈ ಕ್ರಮದಲ್ಲಿ ರೊಟ್ಟಿ-ದ್ರಾಕ್ಷಾರಸದ ಸಂಸ್ಕಾರ ಇರುವುದಿಲ್ಲ, ಅದರ ಚಿಂತೆ ಬೇಡ. ನೀವೂ ಹೋಗಿ ಕೂತು ಕೇಳಿ ಬನ್ನಿ. ಎಲ್ಲರೂ ಎದ್ದು ನಿಂತಾಗ ನಿಂತರೆ ಸಾಕು.

ನಮ್ಮ ಹಾಸ್ಟೆಲ್ಲಿನಲ್ಲಿ ಹೊಸಬರಿಗೆ ಒಂದು ರಾತ್ರಿ 'ಸ್ವಾಗತ' ಅಂತ ಮಾಡುತ್ತಾರೆ. ಸೀನಿಯರ್‌ಗಳು ಹೇಳಿದ್ದನ್ನೆಲ್ಲ ಮಾಡಬೇಕು. ಕೇಳಿದರೆ ಇದು ನಮ್ಮ ಸಂಪ್ರದಾಯ ಅನ್ನುತ್ತಾರೆ.
— ವಿದ್ಯಾರ್ಥಿ, ಊರು ಬೇಡ

ಅದು ಸಂಪ್ರದಾಯ ಅಲ್ಲ, ರ‍್ಯಾಗಿಂಗ್. ಎಷ್ಟು ವರ್ಷದಿಂದ ನಡೆದುಬಂದಿದ್ದರೂ ರ‍್ಯಾಗಿಂಗೇ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2009ರ ನಿಯಮಗಳ ಪ್ರಕಾರ ಕಾಲೇಜಿನಲ್ಲಿ ರ‍್ಯಾಗಿಂಗ್ ತಡೆಯುವ ಸಮಿತಿ ಇರಲೇಬೇಕು. ಅಡ್ಮಿಷನ್ ವೇಳೆ ನೀವೂ ನಿಮ್ಮ ಪೋಷಕರೂ ಸಹಿ ಹಾಕಿದ ಪ್ರಮಾಣಪತ್ರ ಇದಕ್ಕೇ ಸಂಬಂಧಿಸಿದ್ದು. ವಾರ್ಡನ್‌ಗೆ ಬರಹದಲ್ಲಿ ದೂರು ಕೊಡಿ, ಒಂದು ಪ್ರತಿ ನಿಮ್ಮ ಬಳಿ ಇಟ್ಟುಕೊಳ್ಳಿ. ಭಯವಿದ್ದರೆ ಮನೆಯವರಿಂದ ಕೊಡಿಸಿ, ಆದರೆ ತಡ ಮಾಡಬೇಡಿ.

ಬೆನ್ಸನ್ ಟೌನ್ ಹತ್ತಿರದ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನ ಮುಂದೆಯೇ ದಿನಾ ಓಡಾಡುತ್ತೇನೆ. ಅಲ್ಲಿ ಓದಿದವರಿಗೆ ಪದವಿ ಕೊಡುವುದು ಬಂಗಾಳದ ಸೆರಾಂಪುರ ಅಂತ ಪರಿಚಯದ ಪಾದ್ರಿಯೊಬ್ಬರು ಹೇಳಿದರು. ಅಷ್ಟು ದೂರದಿಂದ ಯಾಕೆ?
— ಬ್ಯಾಂಕ್ ನೌಕರ, ಜೆ.ಸಿ. ನಗರ

ಒಳ್ಳೇ ಪ್ರಶ್ನೆ. ಇದರ ಉತ್ತರ ಡೆನ್ಮಾರ್ಕ್‌ವರೆಗೆ ಹೋಗುತ್ತದೆ.

ಹೂಗ್ಲಿ ನದಿ ದಡದ ಸೆರಾಂಪುರ ಒಂದು ಕಾಲಕ್ಕೆ ಡೇನರ ಊರು. ಈಸ್ಟ್ ಇಂಡಿಯಾ ಕಂಪನಿಗೆ ತನ್ನ ನೆಲದಲ್ಲಿ ಮಿಷನರಿಗಳು ಇರುವುದು ಇಷ್ಟವಿರಲಿಲ್ಲ, ವ್ಯಾಪಾರಕ್ಕೆ ತೊಂದರೆ ಅನ್ನುವ ಭಯ. ಹಾಗಾಗಿ ಇಂಗ್ಲೆಂಡಿನ ಮಿಷನರಿ ವಿಲಿಯಂ ಕೇರಿ 1800ರಲ್ಲಿ ಡೇನರ ಆಶ್ರಯಕ್ಕೆ ಬಂದರು. ಜೋಶುವಾ ಮಾರ್ಷ್‌ಮನ್, ವಿಲಿಯಂ ವಾರ್ಡ್ ಜೊತೆ ಸೇರಿ 1818ರಲ್ಲಿ ಅಲ್ಲೊಂದು ಕಾಲೇಜು ಶುರುಮಾಡಿದರು. ಅದು ಬರೀ ಕ್ರೈಸ್ತರಿಗಾಗಿ ತೆರೆದದ್ದಲ್ಲ, ಬೇರೆ ಧರ್ಮದ ಹುಡುಗರಿಗೂ ಬಾಗಿಲು ತೆರೆದಿತ್ತು. ಸಂಸ್ಕೃತವೂ ಇತ್ತು, ಪಶ್ಚಿಮದ ವಿಜ್ಞಾನವೂ ಇತ್ತು. 1827ರಲ್ಲಿ ಡೆನ್ಮಾರ್ಕ್ ದೊರೆ ಆರನೇ ಫ್ರೆಡರಿಕ್ ಈ ಕಾಲೇಜಿಗೆ ಪದವಿ ಕೊಡುವ ಅಧಿಕಾರದ ಸನ್ನದು ಬರೆದುಕೊಟ್ಟ. ಕಲ್ಕತ್ತಾ, ಬೊಂಬಾಯಿ, ಮದ್ರಾಸ್ ವಿಶ್ವವಿದ್ಯಾಲಯಗಳು ಹುಟ್ಟುವುದಕ್ಕೆ ಇನ್ನೂ 30 ವರ್ಷ ಇತ್ತು ಅಂದರೆ ಅದರ ತೂಕ ಗೊತ್ತಾಗುತ್ತದೆ.

1845ರಲ್ಲಿ ಡೇನರು ಊರನ್ನು ಬ್ರಿಟಿಷರಿಗೆ ಮಾರಿದರು. ಆದರೆ ಕಾಲೇಜಿನ ಹಕ್ಕು ಹೋಗದ ಹಾಗೆ ಒಪ್ಪಂದದಲ್ಲೇ ನೋಡಿಕೊಂಡರು. 1857ರಲ್ಲಿ ಬ್ರಿಟಿಷರು ತೆರೆದ ವಿಶ್ವವಿದ್ಯಾಲಯಗಳು ಧರ್ಮಬೋಧನೆಯನ್ನು ಹೊರಗಿಟ್ಟಿದ್ದವು. ಹಾಗಾಗಿ ದೇವಜ್ಞಾನ, ಅಂದರೆ ಥಿಯಾಲಜಿ, ಓದುವವರಿಗೆ ಪದವಿ ಬೇಕಾದಾಗ ಕೈಗೆ ಸಿಕ್ಕಿದ್ದು ಈ ಹಳೇ ಸನ್ನದು. 1918ರಲ್ಲಿ ಬಂಗಾಳದ ಶಾಸನಸಭೆ ಸೆರಾಂಪುರ ಕಾಲೇಜು ಕಾಯಿದೆ ಮಾಡಿತು, ಪದವಿಗಳನ್ನು ನೋಡಿಕೊಳ್ಳುವ ಸೆನೆಟ್ ಬಂತು, ಬೇರೆ ಊರಿನ ದೇವಜ್ಞಾನ ಕಾಲೇಜುಗಳು ಅದರ ಕೆಳಗೆ ಸೇರಿದವು. ನಿಮ್ಮ ದಾರಿಯ ಕಾಲೇಜೂ ಸೇರಿತು, ಮಂಗಳೂರು ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜೂ ಸೇರಿತು.

ಯುನೈಟೆಡ್ ಅನ್ನುವ ಹೆಸರಿಗೂ ಕಾರಣ ಇದೆ. 1910ರಲ್ಲಿ ಬೇರೆ ಬೇರೆ ಪಂಗಡದ ಮಿಷನ್‌ಗಳು ತಮ್ಮ ತಮ್ಮ ಹುಡುಗರನ್ನು ಒಂದೇ ಕಡೆ ಓದಿಸೋಣ ಅಂತ ಕೂಡಿ ಕಟ್ಟಿದ ಕಾಲೇಜು ಅದು. ಮೊದಲ ವರ್ಷಗಳಲ್ಲಿ ಪ್ರಿನ್ಸಿಪಾಲರಾಗಿದ್ದ ಎಲ್.ಪಿ. ಲಾರ್ಸನ್ ಕೂಡ ಡೆನ್ಮಾರ್ಕಿನವರೇ. 1954ರಲ್ಲಿ ಜೆ. ರಸೆಲ್ ಚಂದ್ರನ್ ಬಂದರು, ಆ ಕುರ್ಚಿಯಲ್ಲಿ ಕೂತ ಮೊದಲ ಭಾರತೀಯ. ಅಂಥ ಕಾಲೇಜಿನ ದೊಡ್ಡ ಪರಂಪರೆ ಕಟ್ಟಡವಲ್ಲ, ಮೆಸ್ ಅಂತ ನಾನು ನಂಬುತ್ತೇನೆ. ಊರಿನಲ್ಲಿ ಒಬ್ಬರ ಚರ್ಚಿಗೆ ಇನ್ನೊಬ್ಬರು ಹೋಗದ ಕಾಲದಲ್ಲಿ ಈ ಹುಡುಗರು ಒಂದೇ ಹಾಸ್ಟೆಲ್ಲಿನಲ್ಲಿ ಮಲಗಿ, ಒಂದೇ ಸಾಲಿನಲ್ಲಿ ಕೂತು ಉಂಡು, ಒಬ್ಬರ ಪ್ರಾರ್ಥನಾ ಕ್ರಮವನ್ನು ಇನ್ನೊಬ್ಬರು ಕಲಿತರು. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಆಂಗ್ಲಿಕನ್, ಮೆಥೊಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಸಭೆಗಳು ಕೂಡಿ ದಕ್ಷಿಣ ಭಾರತ ಸಭೆ, ಅಂದರೆ ನಾವು ಸಿಎಸ್‌ಐ ಅನ್ನುವ ಸಭೆ ಆಯಿತಲ್ಲ, ಅದಕ್ಕೆ ಬೇಕಾದ ಅಭ್ಯಾಸ ಇಂಥ ಹಾಸ್ಟೆಲ್ಲುಗಳಲ್ಲೇ ಆಗಿತ್ತು.

ಇವರ ಸಂಪ್ರದಾಯ ಅಂದರೆ ಬರೀ ಇಂಗ್ಲಿಷ್ ಹಾಡು, ಇಂಗ್ಲಿಷ್ ಭಾಷಣ. ಕನ್ನಡಕ್ಕೂ ಇದಕ್ಕೂ ಏನು ಸಂಬಂಧ?
— ನಿವೃತ್ತ ಶಿಕ್ಷಕ, ಹನುಮಂತನಗರ

ಸಂಬಂಧ ಬಹಳ ಹಳೆಯದು ಮೇಷ್ಟ್ರೇ. ಮೇಲೆ ಹೇಳಿದ ಕೇರಿಯವರೇ 1817ರಲ್ಲಿ ಸೆರಾಂಪುರದಲ್ಲಿ ಕನ್ನಡ ವ್ಯಾಕರಣ ಅಚ್ಚು ಹಾಕಿಸಿದರು. 1843ರ ಜುಲೈ 1ರಂದು ಜರ್ಮನ್ ಮಿಷನರಿ ಹರ್ಮನ್ ಮೋಗ್ಲಿಂಗ್ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರತಂದದ್ದಕ್ಕೇ ನಾವು ಆ ದಿನ ಪತ್ರಿಕಾ ದಿನ ಆಚರಿಸುತ್ತೇವೆ. 1894ರ ಕಿಟೆಲ್ ನಿಘಂಟಿನ ವಿಷಯ ನಿಮಗೆ ನಾನು ಹೇಳಬೇಕಾಗಿಲ್ಲ.

ಆದರೆ ಜನ ಯಾವಾಗಲೂ ಜರ್ಮನ್ನರ ಹೆಸರು ಹೇಳಿ ಸುಮ್ಮನಾಗುತ್ತಾರೆ, ನನಗೆ ಅದು ಬೇಸರ. ನಮ್ಮವರೇ ಆದ ರೆವರೆಂಡ್ ಉತ್ತಂಗಿ ಚನ್ನಪ್ಪ ಇದ್ದರಲ್ಲ, ಮಂಗಳೂರಿನ ಬಾಸೆಲ್ ಮಿಶನ್ ದೇವಜ್ಞಾನ ಶಾಲೆಯಲ್ಲಿ ಓದಿ ಪಾದ್ರಿಯಾದವರು. ಸರ್ವಜ್ಞನ ತ್ರಿಪದಿಗಳನ್ನು ಹುಡುಕಿ ಹುಡುಕಿ ಕೂಡಿಸಿ 1924ರಲ್ಲಿ ಪುಸ್ತಕವಾಗಿ ಕೊಟ್ಟರು. ಅನುಭವ ಮಂಟಪ ನಿಜವಾಗಿ ಇತ್ತು ಅಂತ ವಾದಿಸಿ ಬರೆದರು. 1949ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಒಂದು ಸಣ್ಣ ಕ್ರೈಸ್ತ ವಿದ್ಯಾಲಯದಿಂದ ಹೊರಬಂದ ಒಬ್ಬ ಮನುಷ್ಯ ಸರ್ವಜ್ಞನನ್ನು ನಮ್ಮ ಮನೆಮನೆಗೆ ತಲುಪಿಸಿದರು.

ಈಗಿನ ಸ್ಥಿತಿಯ ಬಗ್ಗೆ ನಿಮ್ಮ ದೂರು ಮಾತ್ರ ಸರಿ. ಎಷ್ಟೋ ಕಾಲೇಜಿನ ಕಾರ್ಯಕ್ರಮದಲ್ಲಿ ಕೊನೆಗೆ ಒಂದು ಕನ್ನಡ ಹಾಡು ಇಟ್ಟು ಮುಗಿಸುತ್ತಾರೆ. ಮುದ್ರಿಸಿದ ಹಾಳೆಯಲ್ಲಿ ಅದರ ಸಾಹಿತ್ಯವೂ ಇರುವುದಿಲ್ಲ. ಇದನ್ನು ಬದಲಾಯಿಸಲು ದುಡ್ಡು ಬೇಡ. ಒಂಬತ್ತು ಓದಿನಲ್ಲಿ ಮೂರನ್ನಾದರೂ ಕನ್ನಡದಲ್ಲಿ ಓದಿಸಿ. ಚರ್ಚಿನ ಸುಗ್ಗಿ ಹಬ್ಬವಾದ ಹಾರ್ವೆಸ್ಟ್ ಫೆಸ್ಟಿವಲ್‌ನಲ್ಲಿ ಕುಂಬಳಕಾಯಿ, ಬಾಳೆಗೊನೆ ಹರಾಜು ಕೂಗುವಾಗ ಕನ್ನಡ ತಾನಾಗಿಯೇ ಬರುತ್ತದೆ ಅಲ್ವಾ? ವೇದಿಕೆ ಮೇಲೂ ಬರಲಿ.

ನಮ್ಮ ಕಾಲೇಜಿನ ಹಳೇ ಮ್ಯಾಗಜೀನ್, ಹಾಸ್ಟೆಲ್ ಫೋಟೋ, ಮೆಸ್ ಲೆಕ್ಕದ ಪುಸ್ತಕ ಎಲ್ಲ ಒಂದು ಬೀರುವಿನಲ್ಲಿ ತುಂಬಿವೆ. ಹಳೇ ವಿದ್ಯಾರ್ಥಿಗಳು ಸೇರಿ ಉಳಿಸಬೇಕು ಅಂತಿದ್ದೇವೆ. ಲ್ಯಾಮಿನೇಷನ್ ಮಾಡಿಸೋಣವೇ?
— ಹಳೇ ವಿದ್ಯಾರ್ಥಿಗಳ ಸಂಘ, ಕೋಲ್ಸ್ ಪಾರ್ಕ್ ಹತ್ತಿರ

ದಯವಿಟ್ಟು ಬೇಡ. ಲ್ಯಾಮಿನೇಷನ್ ಮಾಡಿದ ಹಾಳೆಯನ್ನು ಮತ್ತೆ ಬಿಡಿಸಲು ಆಗುವುದಿಲ್ಲ. ಸೆಲ್ಲೋಟೇಪೂ ಬೇಡ, ಕೆಲವು ವರ್ಷದಲ್ಲಿ ಅಂಟು ಹಳದಿಯಾಗಿ ಕಾಗದವನ್ನೇ ತಿನ್ನುತ್ತದೆ. ಗುಂಡುಪಿನ್ನು, ಸ್ಟೇಪ್ಲರ್ ಪಿನ್ನು ನಿಧಾನವಾಗಿ ತೆಗೆಯಿರಿ, ನಮ್ಮ ಮಳೆಗಾಲದ ತೇವಕ್ಕೆ ಅವು ತುಕ್ಕು ಹಿಡಿಯುತ್ತವೆ. ಅಂಟು ಹಾಳೆಯ ಆಲ್ಬಮ್ಮಿನಿಂದ ಫೋಟೋಗಳನ್ನು ಬಿಡಿಸಿ, ಗಟ್ಟಿಯಾಗಿ ಕಚ್ಚಿಕೊಂಡಿದ್ದರೆ ಎಳೆಯಬೇಡಿ, ಹಾಗೇ ಸ್ಕ್ಯಾನ್ ಮಾಡಿ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡುವ ಬದಲು ತೊಳೆದು ಒಣಗಿಸಿದ ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿ. ಬೀರುವನ್ನು ಹೊರಗೋಡೆಯಿಂದ ದೂರ ಸರಿಸಿ, ಕೆಳಗೆ ಇಟ್ಟಿಗೆ ಕೊಟ್ಟು ನೆಲದಿಂದ ಎತ್ತರಿಸಿ. ಗೆದ್ದಲು ಬಂದರೆ ಬೇಗ ಕಣ್ಣಿಗೆ ಬೀಳುತ್ತದೆ.

ಸ್ಕ್ಯಾನ್ ಮಾಡುವಾಗ ಫೋಟೋಗೆ 600 ಡಿಪಿಐ, ಪುಟಗಳಿಗೆ 300 ಸಾಕು. ಫೈಲಿನ ಹೆಸರಿನಲ್ಲೇ ವರ್ಷ, ಸಂದರ್ಭ ಬರೆಯಿರಿ. ಪ್ರತಿಗಳು ಒಂದೇ ಕಂಪ್ಯೂಟರಿನಲ್ಲಿ ಇರಬಾರದು, ಬೇರೆ ಬೇರೆ ಮೂರು ಕಡೆ ಇರಲಿ.

ಮೆಸ್ ಲೆಕ್ಕದ ಪುಸ್ತಕವನ್ನು ಮಾತ್ರ ಯಾರೂ ರದ್ದಿ ಅಂತ ಎಸೆಯದ ಹಾಗೆ ನೋಡಿಕೊಳ್ಳಿ. ಪ್ರಿನ್ಸಿಪಾಲರ ಭಾಷಣ ಮ್ಯಾಗಜೀನಿನಲ್ಲಿ ಸಿಗುತ್ತದೆ. ಯಾವ ವರ್ಷ ಅಕ್ಕಿ ಸಾಲದೆ ರಾಗಿ ತಂದರು, ಕ್ರಿಸ್ಮಸ್ಸಿಗೆ ಏನು ಅಡುಗೆ ಮಾಡಿದರು, ದೀಪಾವಳಿಗೆ ಯಾರು ಊರಿಗೆ ಹೋಗದೆ ಉಳಿದರು ಅನ್ನುವುದು ಆ ಪುಸ್ತಕದಲ್ಲಿ ಮಾತ್ರ ಸಿಗುತ್ತದೆ. ಹಾಗೇ ಹಳೇ ಅಡುಗೆಯವರು, ಮಾಲಿ, ಚಾಪೆಲ್ (ಕಾಲೇಜಿನ ಪ್ರಾರ್ಥನಾ ಮಂದಿರ) ಗಂಟೆ ಹೊಡೆಯುತ್ತಿದ್ದವರು ಯಾರಾದರೂ ಇದ್ದರೆ ಈ ತಿಂಗಳೇ ಹೋಗಿ, ಅವರ ಒಪ್ಪಿಗೆ ಪಡೆದು ಫೋನಿನಲ್ಲಿ ಮಾತು ರೆಕಾರ್ಡ್ ಮಾಡಿ. 'ನಿಮ್ಮ ಅನುಭವ ಹೇಳಿ' ಅಂದರೆ ಯಾರೂ ಬಾಯಿ ಬಿಡುವುದಿಲ್ಲ. ಬೆಳಗ್ಗೆ ಎಷ್ಟು ಗಂಟೆಗೆ ಒಲೆ ಹಚ್ಚುತ್ತಿದ್ದಿರಿ, ನೀರು ಎಲ್ಲಿಂದ ಬರುತ್ತಿತ್ತು, ಗಂಟೆ ಎಷ್ಟು ಸಲ ಹೊಡೆಯುತ್ತಿದ್ದಿರಿ ಅಂತ ಕೇಳಿ.

ಗುಂಪು ಫೋಟೋಗಳ ದೊಡ್ಡ ಜೆರಾಕ್ಸ್ ತೆಗೆಸಿ, ಪ್ರತಿ ಮುಖಕ್ಕೂ ಒಂದು ನಂಬರ್ ಹಾಕಿ, ಮುಂದಿನ ಸಮಾವೇಶದಲ್ಲಿ ಟೇಬಲ್ ಮೇಲೆ ಪೆನ್ಸಿಲ್ ಜೊತೆ ಇಡಿ. ಹಿರಿಯರು ಬಂದು ಹೆಸರು ತುಂಬುತ್ತಾರೆ. ಮೂಲ ಫೋಟೋದ ಹಿಂದೆ ಬರೆಯುವುದಾದರೆ ಮೆತ್ತನೆಯ ಪೆನ್ಸಿಲ್ಲಿನಲ್ಲಿ, ಅಂಚಿಗೆ. ಕಾಲೇಜಿನಲ್ಲಿ ಇಡಲು ಜಾಗವೇ ಇಲ್ಲ ಅನ್ನುವುದಾದರೆ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಚರ್ಚು, ಮಿಷನ್‌ಗಳ ಹಳೇ ಕಾಗದಪತ್ರ ಕಾಪಾಡುವ ದಾಖಲೆ ಸಂಗ್ರಹ ಇದೆ, ಅಲ್ಲಿ ವಿಚಾರಿಸಿ. ಯಾರಿಗೆ ಕೊಟ್ಟರೂ ಏನೇನು ಕೊಟ್ಟಿರಿ, ಯಾರು ಬಂದು ನೋಡಬಹುದು ಅನ್ನುವುದನ್ನು ಪಟ್ಟಿ ಮಾಡಿ, ಎರಡೂ ಕಡೆಯವರು ಸಹಿ ಹಾಕಿದ ಮೇಲೆ ಕೊಡಿ.