ಮನೆಯ ಕಂಪ್ಯೂಟರನ್ನು ವಿಂಡೋಸ್ 11ಕ್ಕೆ ಅಪ್‌ಗ್ರೇಡ್ ಮಾಡಿದರೆ ಪ್ರೈವೆಸಿ ಹೋಗುತ್ತದೆಯೇ? 10ರಲ್ಲೇ ಇದ್ದುಬಿಡಲೇ?

ನಿಮ್ಮದು ಎಂಟನೇ ತಲೆಮಾರಿನ ಐ5 ಡೆಸ್ಕ್‌ಟಾಪ್, ಲೋಕಲ್ ಅಕೌಂಟ್ (ಮೈಕ್ರೋಸಾಫ್ಟ್ ಅಕೌಂಟಿಗೆ ಜೋಡಿಸದ, ಆ ಕಂಪ್ಯೂಟರಿನದೇ ಲಾಗಿನ್), ಬ್ಯಾಂಕಿಂಗೂ ಅದರಲ್ಲೇ, ನುಡಿ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿದ ಹಳೆಯ ಫೈಲುಗಳೂ ಇವೆ ಎಂದು ಬರೆದಿದ್ದೀರಿ. ಹಾಗಾದರೆ 11ಕ್ಕೆ ಹೋಗಿ. ಆದರೆ ಫಾರ್ಮ್ಯಾಟ್ ಮಾಡಿಸಿ ಹೊಸದಾಗಿ ಹಾಕಿಸಬೇಡಿ, ಇರುವುದರ ಮೇಲೆಯೇ ಅಪ್‌ಗ್ರೇಡ್ ಮಾಡಿ. ಪ್ರೈವೆಸಿ ಮಟ್ಟಿಗೆ 10ಕ್ಕೂ 11ಕ್ಕೂ ಇರುವ ವ್ಯತ್ಯಾಸಕ್ಕಿಂತ ಈ ಎರಡು ದಾರಿಗಳ ವ್ಯತ್ಯಾಸವೇ ದೊಡ್ಡದು.

10ಕ್ಕೆ ಮಾಮೂಲಿ ಸೆಕ್ಯುರಿಟಿ ಅಪ್‌ಡೇಟ್‌ಗಳು 2025ರ ಅಕ್ಟೋಬರ್ 14ಕ್ಕೆ ನಿಂತವು. ಅದರ ನಂತರದ ಒಂದು ವರ್ಷಕ್ಕೆಂದು ಕೊಟ್ಟ ಇಎಸ್‌ಯು (ಹೆಚ್ಚುವರಿ ಸೆಕ್ಯುರಿಟಿ ಅಪ್‌ಡೇಟ್) ಯೋಜನೆಗೆ ಸೇರಬೇಕಾದರೂ ಮೈಕ್ರೋಸಾಫ್ಟ್ ಅಕೌಂಟ್ ಬೇಕು. ಅಂದರೆ ಯಾವುದನ್ನು ತಪ್ಪಿಸಲು 10ರಲ್ಲಿ ಉಳಿಯುತ್ತೀರೋ ಅದನ್ನೇ ಅಲ್ಲೂ ಕೇಳುತ್ತಾರೆ. ಇನ್ನು ಡಯಾಗ್ನೋಸ್ಟಿಕ್ ಮಾಹಿತಿ (ಕಂಪ್ಯೂಟರ್ ಹೇಗೆ ಓಡುತ್ತಿದೆ ಎಂಬ ವರದಿ) 10ರಿಂದಲೂ ಮೈಕ್ರೋಸಾಫ್ಟ್‌ಗೆ ಹೋಗುತ್ತಲೇ ಇತ್ತು. ಹೋಮ್ ಎಡಿಷನ್‌ನಲ್ಲಿ ಅದನ್ನು ಪೂರ್ತಿ ನಿಲ್ಲಿಸುವ ಸ್ವಿಚ್ ಆಗಲೂ ಇರಲಿಲ್ಲ, ಈಗಲೂ ಇಲ್ಲ.

ಹೊಸದಾಗಿ ಹಾಕಿದಾಗ ಏನಾಗುತ್ತದೆ ನೋಡಿ. ಸೆಟಪ್ ಇಂಟರ್ನೆಟ್ ಕೇಳುತ್ತದೆ, ಆಮೇಲೆ ಮೈಕ್ರೋಸಾಫ್ಟ್ ಅಕೌಂಟ್ ಕೇಳುತ್ತದೆ. ಕೊಟ್ಟರೆ, 11ರ 24ಎಚ್2 ಆವೃತ್ತಿಯಿಂದೀಚೆಗೆ ಬಹುತೇಕ ಕಂಪ್ಯೂಟರುಗಳಲ್ಲಿ ಡಿಸ್ಕ್ ತಾನಾಗಿಯೇ ಎನ್‌ಕ್ರಿಪ್ಟ್ ಆಗಿ (ಕೀ ಇಲ್ಲದೆ ಓದಲಾಗದಂತೆ ಬೀಗ ಬಿದ್ದು), 48 ಅಂಕಿಗಳ ರಿಕವರಿ ಕೀ ಆ ಅಕೌಂಟಿಗೆ ಸೇರುತ್ತದೆ. ಕಂಪ್ಯೂಟರ್ ಕಳ್ಳರ ಕೈಗೆ ಸಿಕ್ಕರೆ ಇದು ಒಳ್ಳೆಯದೇ. ಆದರೆ ಕೀಯ ಒಂದು ಪ್ರತಿ ಮೈಕ್ರೋಸಾಫ್ಟ್ ಬಳಿ ಇರುತ್ತದೆ. ಅಂಗಡಿಯವನು ತನ್ನದೇ ಇಮೇಲ್ ಹಾಕಿ ಸೆಟಪ್ ಮಾಡಿಕೊಟ್ಟಿದ್ದರಂತೂ ಮುಂದೊಂದು ದಿನ ಬಯೋಸ್ (ವಿಂಡೋಸ್‌ಗೂ ಮೊದಲು ಓಡುವ, ಮದರ್‌ಬೋರ್ಡಿನ ಸಾಫ್ಟ್‌ವೇರ್) ಅಪ್‌ಡೇಟ್ ಆದಾಗ ಕಂಪ್ಯೂಟರ್ ಕೀ ಕೇಳಬಹುದು, ಅದು ನಿಮ್ಮ ಬಳಿ ಇರುವುದಿಲ್ಲ. ಇರುವುದರ ಮೇಲೆ ಅಪ್‌ಗ್ರೇಡ್ ಮಾಡಿದರೆ ನಿಮ್ಮ ಲೋಕಲ್ ಅಕೌಂಟ್ ಹಾಗೆಯೇ ಬರುತ್ತದೆ. ನುಡಿ ಫಾಂಟುಗಳೂ ಉಳಿಯುತ್ತವೆ. ಫಾರ್ಮ್ಯಾಟ್ ಮಾಡಿದರೆ ಆ ಫೈಲುಗಳೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ತೆರೆದುಕೊಳ್ಳುತ್ತವೆ. ಫಾಂಟ್ ಮತ್ತೆ ಹಾಕುವವರೆಗೆ ಓದಲಾಗದು.

ಮೊದಲು ಫೋಟೋ, ದಾಖಲೆಗಳನ್ನು ಹೊರಗಿನ ಡಿಸ್ಕಿಗೆ ಕಾಪಿ ಮಾಡಿ. ಸಿ ಡ್ರೈವ್‌ನಲ್ಲಿ 30 ಜಿಬಿಯಾದರೂ ಖಾಲಿ ಇರಲಿ. ಕಂಪ್ಯೂಟರ್ 11ಕ್ಕೆ ಹೊಂದುತ್ತದೆಯೇ ಎಂದು ಹೇಳುವ ಮೈಕ್ರೋಸಾಫ್ಟ್‌ನ ಪಿಸಿ ಹೆಲ್ತ್ ಚೆಕ್ ಓಡಿಸಿ. ಟಿಪಿಎಂ (11 ಕೇಳುವ, ಕೀಗಳನ್ನು ಕಾಪಾಡುವ ಭದ್ರತಾ ವ್ಯವಸ್ಥೆ) ಇಲ್ಲ ಎಂದರೆ ಗಾಬರಿ ಬೇಡ, ನಿಮ್ಮ ಪ್ರೊಸೆಸರಿನಲ್ಲಿ ಅದು ಇದೆ, ಬಯೋಸ್‌ನಲ್ಲಿ ಆಫ್ ಆಗಿರುತ್ತದೆ ಅಷ್ಟೆ. ಇಂಟೆಲ್‌ನಲ್ಲಿ ಅದರ ಹೆಸರು ಪಿಟಿಟಿ. ಆನ್ ಮಾಡಿ, ಕ್ಲಿಯರ್ ಟಿಪಿಎಂ ಎಂಬುದನ್ನು ಮಾತ್ರ ಮುಟ್ಟಬೇಡಿ.

ಹೆಚ್ಚಿನವರು ಎಡವುವುದು ಸೆಕ್ಯೂರ್ ಬೂಟ್‌ನಲ್ಲಿ (ಕಂಪ್ಯೂಟರ್ ಶುರುವಾಗುವಾಗ ನಂಬಿಕಸ್ಥ ಸಾಫ್ಟ್‌ವೇರನ್ನಷ್ಟೇ ಓಡಲು ಬಿಡುವ ವ್ಯವಸ್ಥೆ). ಅದಕ್ಕೆ ಯುಇಎಫ್ಐ ಎಂಬ ಹೊಸ ಬೂಟ್ ವಿಧಾನ ಬೇಕು. ಸಿಸ್ಟಂ ಇನ್ಫರ್ಮೇಶನ್ ತೆರೆದು ಬಯೋಸ್ ಮೋಡ್ ನೋಡಿ. ಯುಇಎಫ್ಐ ಎಂದಿದ್ದರೆ ಸರಿ. ಲೆಗಸಿ ಎಂದಿದ್ದರೆ ಡಿಸ್ಕ್ ಎಂಬಿಆರ್ ಎಂಬ ಹಳೆಯ ಮಾದರಿಯದು. ಅದನ್ನು ಬದಲಿಸದೆ ಬಯೋಸ್‌ನಲ್ಲಿ ಸಿಎಸ್‌ಎಂ (ಹಳೆಯ ಬೂಟ್ ವಿಧಾನವನ್ನು ನಡೆಸುವ ಆಯ್ಕೆ) ಆಫ್ ಮಾಡಿದರೆ ವಿಂಡೋಸ್ ಬೂಟ್ ಆಗುವುದಿಲ್ಲ. (ಆದರೂ ಏನೂ ಅಳಿದಿರುವುದಿಲ್ಲ, ಸಿಎಸ್‌ಎಂ ಮತ್ತೆ ಆನ್ ಮಾಡಿದರೆ ಬರುತ್ತದೆ.) ವಿಂಡೋಸ್ ಜೊತೆಗೇ ಬರುವ ಎಂಬಿಆರ್2ಜಿಪಿಟಿ ಎಂಬ ಕಮಾಂಡ್ ಫೈಲುಗಳನ್ನು ಅಳಿಸದೆಯೇ ಡಿಸ್ಕನ್ನು ಯುಇಎಫ್ಐಗೆ ಬೇಕಾದ ಜಿಪಿಟಿ ಮಾದರಿಗೆ ಬದಲಿಸುತ್ತದೆ. ಡಿಸ್ಕಿನಲ್ಲಿ ಮೂರಕ್ಕಿಂತ ಹೆಚ್ಚು ಪ್ರೈಮರಿ ಪಾರ್ಟಿಶನ್ ಇದ್ದರೆ ಒಪ್ಪುವುದಿಲ್ಲ. ಮೊದಲು ವ್ಯಾಲಿಡೇಟ್, ಅದು ಪಾಸಾದ ಮೇಲೆ ಕನ್ವರ್ಟ್, ಕೊನೆಗೆ ಬಯೋಸ್‌ನಲ್ಲಿ ಯುಇಎಫ್ಐ, ಇದೇ ಕ್ರಮ.

ಅಪ್‌ಗ್ರೇಡ್ ಆದಮೇಲೆ ಆಗಾಗ ಪರದೆ ತುಂಬ "ಸೆಟಪ್ ಪೂರ್ಣಗೊಳಿಸೋಣ" ಎಂಬ ಪುಟ ಬರುತ್ತದೆ. ಮೈಕ್ರೋಸಾಫ್ಟ್ ಅಕೌಂಟ್, ಒನ್‌ಡ್ರೈವ್ (ಅವರ ಆನ್‌ಲೈನ್ ಸಂಗ್ರಹ) ಎಲ್ಲ ಒಳಗೆ ಬರುವುದು ಈ ಬಾಗಿಲಿನಿಂದಲೇ. ನಂತರ ನೆನಪಿಸು ಎಂದು ಒತ್ತಿ, ಸೆಟ್ಟಿಂಗ್ಸ್, ಸಿಸ್ಟಂ, ನೋಟಿಫಿಕೇಶನ್ಸ್‌ನ ತಳದಲ್ಲಿರುವ ಅಡಿಷನಲ್ ಸೆಟ್ಟಿಂಗ್ಸ್‌ನಲ್ಲಿ ಟಿಕ್‌ಗಳನ್ನು ತೆಗೆಯಿರಿ. ಪ್ರೈವೆಸಿ ಆಂಡ್ ಸೆಕ್ಯುರಿಟಿಯಲ್ಲಿ ಆಪ್ಷನಲ್ ಡಯಾಗ್ನೋಸ್ಟಿಕ್ ಡೇಟಾ, ಜಾಹೀರಾತು ಐಡಿ, ಬೇಡದ ಆ್ಯಪ್‌ಗಳಿಗೆ ಲೊಕೇಶನ್, ಇವನ್ನು ಆಫ್ ಮಾಡಿ. ಪರದೆಯ ಚಿತ್ರಗಳನ್ನು ಆಗಾಗ ತೆಗೆದಿಡುವ ರೀಕಾಲ್ ಬಗ್ಗೆ ಹೆದರಿದ್ದೀರಿ. ಅದಕ್ಕೆ ಕೋಪೈಲಟ್ ಪ್ಲಸ್ ವರ್ಗದ ಹೊಸ ಯಂತ್ರ ಬೇಕು, ನಿಮ್ಮದರಲ್ಲಿ ಬರುವುದೇ ಇಲ್ಲ.

ಒನ್‌ಡ್ರೈವ್ ಬ್ಯಾಕಪ್ ಅಕಸ್ಮಾತ್ ಆನ್ ಆಗಿಬಿಟ್ಟರೆ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಮೂರೂ ಅದರೊಳಗೆ ಹೋಗುತ್ತವೆ. ಉಚಿತ ಜಾಗ 5 ಜಿಬಿ ಮಾತ್ರ. ಆಫ್ ಮಾಡಿದಾಗ ಡೆಸ್ಕ್‌ಟಾಪ್ ಖಾಲಿಯಾಗಿ ಒಂದು ಶಾರ್ಟ್‌ಕಟ್ ಮಾತ್ರ ಉಳಿಯಬಹುದು. ಫೈಲುಗಳು ಹೋಗಿಲ್ಲ, ಒನ್‌ಡ್ರೈವ್ ಫೋಲ್ಡರಿನಲ್ಲಿವೆ. ಮೋಡದ ಚಿಹ್ನೆ ಇರುವುದನ್ನು ಮೊದಲು ಡೌನ್‌ಲೋಡ್ ಮಾಡಿ, ಮೂಲ ಜಾಗಕ್ಕೆ ಕಾಪಿ ಮಾಡಿ, ತೆರೆದು ನೋಡಿ, ಆಮೇಲಷ್ಟೇ ಅಲ್ಲಿಂದ ಅಳಿಸಿ.

11 ಹಿಡಿಸದಿದ್ದರೆ 10 ದಿನದೊಳಗೆ ಸೆಟ್ಟಿಂಗ್ಸ್‌ನ ರಿಕವರಿಯಲ್ಲಿ ಗೋ ಬ್ಯಾಕ್ ಒತ್ತಿ ಹಿಂದಿರುಗಬಹುದು. ಅಲ್ಲಿಯವರೆಗೆ ಜಾಗ ಉಳಿಸಲೆಂದು ಡಿಸ್ಕ್ ಕ್ಲೀನಪ್‌ನಲ್ಲಿ ಹಳೆಯ ವಿಂಡೋಸ್ ಇನ್‌ಸ್ಟಲೇಶನ್ ಅಳಿಸಬೇಡಿ, ಅಳಿಸಿದರೆ ಹಾಗೆ ಹಿಂದಿರುಗಲು ಆಗುವುದಿಲ್ಲ.