ಮಾಲ್‌ಗೆ ಹೋದವರು ಉದ್ದೇಶ ಮರೆತು ಸುತ್ತಾಡುವುದೇಕೆ?

ಒಂದೇ ವಸ್ತುವಿಗಾಗಿ ಮಾಲ್‌ಗೆ ಹೋದವರು ಗಂಟೆಗಟ್ಟಲೆ ಅಲೆಯುವುದಕ್ಕೆ ಅವರ ಚಪಲವೊಂದೇ ಕಾರಣವಲ್ಲ. ಕಟ್ಟಡದ ವಿನ್ಯಾಸಕ್ಕೂ ಅದರಲ್ಲಿ ಪಾಲಿದೆ. ವಾಸ್ತುಶಿಲ್ಪಿ ವಿಕ್ಟರ್ ಗ್ರುಯೆನ್ ರೂಪಿಸಿದ, 1956ರಲ್ಲಿ ಅಮೆರಿಕದ ಮಿನ್ನೆಸೋಟಾದಲ್ಲಿ ತೆರೆದ ಸೌತ್‌ಡೇಲ್, ಪೂರ್ತಿ ಮುಚ್ಚಿದ ಹವಾನಿಯಂತ್ರಿತ ಮಾಲ್‌ಗಳಿಗೆ ಮಾದರಿಯಾಯಿತು. ನಿರ್ದಿಷ್ಟ ಉದ್ದೇಶದಿಂದ ಬಂದ ಗ್ರಾಹಕರು ಒಳಗಿನ ಬೆಳಕು, ಅಲಂಕಾರ, ತಿರುವುಗಳ ನಡುವೆ ಗುರಿ ಮರೆಯುವುದನ್ನು ‘ಗ್ರುಯೆನ್ ಟ್ರಾನ್ಸ್‌ಫರ್’ ಎನ್ನುತ್ತಾರೆ. ವಿಪರ್ಯಾಸವೆಂದರೆ, ಮಾಲ್‌ಗಳು ಬೆಳೆದ ರೀತಿಯನ್ನು ಮುಂದೆ ಗ್ರುಯೆನ್ ಅವರೇ ಖಂಡಿಸಿದರು. ಇನ್ನು ಸಂಗೀತದ ವಿಷಯಕ್ಕೆ ಬಂದರೆ, ಮಾರುಕಟ್ಟೆ ಸಂಶೋಧಕ ರೊನಾಲ್ಡ್ ಮಿಲಿಮನ್ 1982ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸೂಪರ್ ಮಾರ್ಕೆಟ್ ಒಂದರಲ್ಲಿ ನಿಧಾನಗತಿಯ ಸಂಗೀತ ಕೇಳಿಬರುತ್ತಿದ್ದಾಗ ಗ್ರಾಹಕರ ನಡಿಗೆಯೂ ನಿಧಾನವಾಗಿ, ವೇಗದ ಸಂಗೀತವಿದ್ದಾಗಿನದಕ್ಕಿಂತ ಮಾರಾಟ ಸುಮಾರು ಶೇ. 38ರಷ್ಟು ಹೆಚ್ಚಿತ್ತು. ಇದನ್ನು ಎಲ್ಲ ಮಾಲ್‌ಗಳಿಗೂ ಹಾಗೆಯೇ ಅನ್ವಯಿಸಲಾಗದು, ಏಕೆಂದರೆ ಅಲ್ಲಿ ಏನನ್ನೂ ಕೊಳ್ಳದೆ, ಕೇವಲ ನಡೆದಾಡಲು ಅಥವಾ ಗೆಳೆಯರನ್ನು ಕಾಣಲು ಬರುವವರೂ ಸಾಕಷ್ಟಿರುತ್ತಾರೆ.