ಸಂಪಾದಕರ ಉತ್ತರ: ಹಾಡಿದವನು ಒಬ್ಬ, ಹೊಣೆ ಎಲ್ಲರದ್ದಾ?

ಪ್ರೀತಿಯ ಮೇಷ್ಟ್ರಿಗೆ, ನಮಸ್ಕಾರ.

ನಿಮ್ಮ ಪತ್ರ ತಲುಪಿತು. ಪೂರ್ತಿ ಅಚ್ಚು ಹಾಕಲು ಜಾಗವಿಲ್ಲ. ಹಾಗಾಗಿ ಉಳಿದ ಓದುಗರಿಗೆ ಅದರಲ್ಲಿ ಏನಿದೆ ಅಂತ ಹೇಳಿಬಿಡುತ್ತೇನೆ. ಬೆಂಗಳೂರಲ್ಲಿ ಎಂಜಿನಿಯರಿಂಗ್ ಓದುವ ನಿಮ್ಮ ಮೊಮ್ಮಗ ರಜೆಗೆ ಬಂದಾಗ ದಿನವಿಡೀ, ತಾಳಕ್ಕೆ ಪ್ರಾಸ ಜೋಡಿಸಿ ಮಾತಿನಂತೆ ಹಾಡುವ, ಅಮೆರಿಕದ ಕಪ್ಪು ಹುಡುಗರ ರ‍್ಯಾಪ್ ಕೇಳುತ್ತಿದ್ದ. ನೀವೂ ಜೊತೆಗೆ ಕೂತು ಕೆಲವು ವಿಡಿಯೊ ನೋಡಿದಿರಿ. ಬಂದೂಕು, ನೋಟಿನ ಕಂತೆ, ಕುತ್ತಿಗೆ ತುಂಬ ಚಿನ್ನ, ಸುತ್ತ ಕುಣಿಯುವ ಅರೆಬಟ್ಟೆಯ ಹೆಣ್ಣುಮಕ್ಕಳು. ಹೈಸ್ಕೂಲಿನಲ್ಲಿ, ಕಪ್ಪು ಜನರ ಹಕ್ಕಿಗಾಗಿ ಹೋರಾಡಿದ ಮಾರ್ಟಿನ್ ಲೂಥರ್ ಕಿಂಗ್ ಬಗ್ಗೆ ವರ್ಷಗಟ್ಟಲೆ ಪಾಠ ಹೇಳಿದ ನಿಮಗೆ ಅದು ನೋವಾಗಿದೆ. "ತಮ್ಮ ಜನರ ಹೆಸರನ್ನು ತಾವೇ ಕೆಡಿಸಿಕೊಂಡರೆ ಬೇರೆಯವರನ್ನು ಯಾಕೆ ದೂರಬೇಕು?" ಎಂದು ಕೇಳಿದ್ದೀರಿ. ಹುಡುಗನಿಗೆ ಇದನ್ನು ಕೇಳಬೇಡ ಅನ್ನಲೇ ಅಂತಲೂ ಕೇಳಿದ್ದೀರಿ. ಕೊನೆಗೆ, ಇದು ಅಮೆರಿಕದ ವಿಷಯ, ನಮಗ್ಯಾಕೆ ಅಂತ ಒಂದು ಸಾಲು.

ನಿಮ್ಮ ನೋವು ಸುಳ್ಳಲ್ಲ ಮೇಷ್ಟ್ರೇ. ಅದನ್ನು ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದವರು ಕಪ್ಪು ಹೆಣ್ಣುಮಕ್ಕಳೇ. ಸಿ. ಡೆಲೋರೆಸ್ ಟಕರ್ ಎಂಬ ಹಿರಿಯ ಹೆಂಗಸು ನಿಮ್ಮ ಕಿಂಗ್ ಅವರ ಜೊತೆ ಸೆಲ್ಮಾ ಎಂಬ ಊರಿನಲ್ಲಿ ಕಪ್ಪು ಜನರ ಮತದಾನದ ಹಕ್ಕಿಗಾಗಿ ಮೆರವಣಿಗೆ ನಡೆದವರು. 1993ರ ಹೊತ್ತಿಗೆ ಅವರು, ಬಂದೂಕು, ಗ್ಯಾಂಗು, ಬೀದಿಯ ಹಿಂಸೆಯನ್ನು ಹಾಡುವ ಗ್ಯಾಂಗ್‌ಸ್ಟಾ ರ‍್ಯಾಪ್ ವಿರುದ್ಧ ಬೀದಿಗಿಳಿದರು. ಹಾಡುವ ಹುಡುಗರನ್ನು ಬೈದು ಸುಮ್ಮನಾಗಲಿಲ್ಲ, ಹಾಡು ಮಾರುವ ಕಂಪನಿಯ ಬೆನ್ನು ಹತ್ತಿದರು. 1995ರಲ್ಲಿ ಟೈಮ್ ವಾರ್ನರ್ ಕಂಪನಿಯ ಷೇರುದಾರರ ಸಭೆಯಲ್ಲೇ ಎದ್ದು ಪ್ರಶ್ನೆ ಕೇಳಿದರು. ಒತ್ತಡ ಜಾಸ್ತಿಯಾಯಿತು. ಅದೇ ವರ್ಷ ಆ ಕಂಪನಿ ಇಂಟರ್‌ಸ್ಕೋಪ್ ಎಂಬ, ಇಂಥ ಹಾಡುಗಳನ್ನು ಹೊರತರುತ್ತಿದ್ದ ಸಂಗೀತ ಸಂಸ್ಥೆಯಲ್ಲಿದ್ದ ತನ್ನ ಅರ್ಧ ಪಾಲನ್ನು ಬಿಟ್ಟುಕೊಟ್ಟಿತು. ಮರುವರ್ಷವೇ ಇನ್ನೊಂದು ದೊಡ್ಡ ಕಂಪನಿ ಅರ್ಧ ಪಾಲು ಕೊಂಡಿತು. ಹಾಡು ನಿಲ್ಲಲಿಲ್ಲ, ಲಾಭ ಎಣಿಸುವ ಕೈ ಬದಲಾಯಿತು.

2004ರಲ್ಲಿ ಅಟ್ಲಾಂಟಾದ ಸ್ಪೆಲ್‌ಮನ್ ಕಾಲೇಜಿನಲ್ಲಿ ಇನ್ನೊಂದು ಘಟನೆ ನಡೆಯಿತು. ಅದು ಕಪ್ಪು ಹೆಣ್ಣುಮಕ್ಕಳಿಗಾಗಿಯೇ ಇರುವ ಹಳೆಯ ಕಾಲೇಜು. ನೆಲ್ಲಿ ಎಂಬ ಜನಪ್ರಿಯ ರ‍್ಯಾಪರ್‌ನ ಸಂಸ್ಥೆ ಅಲ್ಲಿ ಅಸ್ಥಿಮಜ್ಜೆ ದಾನದ ಶಿಬಿರ ಮಾಡಬೇಕಿತ್ತು. ಅವನ ಅಕ್ಕನಿಗೆ ರಕ್ತದ ಕ್ಯಾನ್ಸರ್ ಇತ್ತು. ಆದರೆ ಅವನ ಒಂದು ವಿಡಿಯೊದಲ್ಲಿ ಹೆಣ್ಣಿನ ಮೈಮೇಲೆ ಕ್ರೆಡಿಟ್ ಕಾರ್ಡ್ ಉಜ್ಜುವ ದೃಶ್ಯವಿತ್ತು. ಶಿಬಿರಕ್ಕೆ ಬನ್ನಿ, ಆದರೆ ಆ ವಿಡಿಯೊ ಬಗ್ಗೆ ನಮ್ಮ ಮುಂದೆ ಕೂತು ಮಾತಾಡಿ ಅಂದರು ವಿದ್ಯಾರ್ಥಿನಿಯರು. ಶಿಬಿರ ರದ್ದಾಯಿತು. ಕಾಯಿಲೆ ಬಿದ್ದ ಹೆಣ್ಣುಮಗಳ ಬಗ್ಗೆ ಆ ಹುಡುಗಿಯರಿಗೆ ಕನಿಕರ ಇರಲಿಲ್ಲವೆಂದಲ್ಲ. ತಮ್ಮದೇ ಬಣ್ಣದ ಹೆಣ್ಣಿನ ಮೈಯನ್ನು ಹಾಗೆ ತೋರಿಸಿದ್ದಕ್ಕೆ ಉತ್ತರ ಕೇಳುವ ಹಕ್ಕು ತಮಗೆ ಇದೆ ಅಂತ ಅವರು ನಂಬಿದ್ದರು. ನಾನೂ ಹಾಗೇ ನಂಬುತ್ತೇನೆ.

ಹಾಗಾದರೆ ನಿಮ್ಮ ಮಾತೇ ಸರಿಯಾಯಿತಲ್ವಾ ಅನ್ನಬಹುದು. ಅರ್ಧ ಸರಿ. ನೀವು ನೋಡಿದ ಹಾಡುಗಳನ್ನು ಹಾಡಿದವರು ಕಪ್ಪು ಹುಡುಗರು, ನಿಜ. ಆದರೆ ಸಾವಿರಾರು ಹಾಡುಗಳಲ್ಲಿ ಇವೇ ನಿಮ್ಮ ಮೊಮ್ಮಗನ ಫೋನಿನವರೆಗೆ ಹೇಗೆ ಬಂದವು? ನನಗೆ ಮುಖ್ಯ ಅನಿಸುವ ಪ್ರಶ್ನೆ ಇದು.

ಈ ಸಂಗೀತ ಹುಟ್ಟಿದ್ದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ. 1973ರ ಆಗಸ್ಟ್ 11ರಂದು, ಸೆಡ್ಜ್‌ವಿಕ್ ಅವೆನ್ಯೂದ ಒಂದು ಅಪಾರ್ಟ್‌ಮೆಂಟಿನಲ್ಲಿ, ಜಮೈಕಾದಿಂದ ಬಂದ ಕೂಲ್ ಹರ್ಕ್ ಎಂಬ ಹುಡುಗ ತನ್ನ ತಂಗಿ ಏರ್ಪಡಿಸಿದ ಪಾರ್ಟಿಯಲ್ಲಿ ರೆಕಾರ್ಡು ತಿರುಗಿಸಿದ್ದರಿಂದ ಶುರುವಾಯಿತು ಅಂತ ಹೇಳುತ್ತಾರೆ. ಅದು ಕುಣಿಯುವ ಸಂಗೀತ. 1982ರ ಹೊತ್ತಿಗೆ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ತಂಡ ಬಡತನ, ಒಡೆದ ಗಾಜು, ಇಲಿ, ಕೆಲಸವಿಲ್ಲದ ಹುಡುಗರ ಬಗ್ಗೆ ಹಾಡಿತು. 80ರ ದಶಕದ ಕೊನೆಗೆ ಎಷ್ಟು ಬಗೆಗಳಿದ್ದವು! ಪಬ್ಲಿಕ್ ಎನಿಮಿ ರಾಜಕೀಯ ಹಾಡುತ್ತಿತ್ತು. ಕ್ವೀನ್ ಲತೀಫಾ ಹೆಣ್ಣಿನ ಮರ್ಯಾದೆಯ ಬಗ್ಗೆ ಹಾಡುತ್ತಿದ್ದಳು. ಸುಮ್ನೆ ನಗಿಸುವವರೂ ಇದ್ದರು. ಕಾಂಪ್ಟನ್ ಊರಿನ ಎನ್.ಡಬ್ಲ್ಯೂ.ಎ. ತಂಡ ಬಂದೂಕು, ಪೊಲೀಸರ ಮೇಲಿನ ಸಿಟ್ಟನ್ನು ಹಾಡಿತು. ಆಗ ಅದು ಹಲವರಲ್ಲಿ ಒಂದು.

1991ರಲ್ಲಿ ಒಂದು ಲೆಕ್ಕದ ಪದ್ಧತಿ ಬದಲಾಯಿತು. ಅಲ್ಲಿಯವರೆಗೆ ಬಿಲ್‌ಬೋರ್ಡ್ ಪತ್ರಿಕೆ ಅಂಗಡಿಯವರನ್ನು ಕೇಳಿ ಯಾವ ಆಲ್ಬಂ ಮೇಲೆ, ಯಾವುದು ಕೆಳಗೆ ಅಂತ ಪಟ್ಟಿ ಮಾಡುತ್ತಿತ್ತು. ಆ ವರ್ಷ ಮೇ ತಿಂಗಳಿಂದ ಅಂಗಡಿಯ ಬಿಲ್ಲಿಂಗ್ ಕೌಂಟರಿನಲ್ಲಿ ಸ್ಕ್ಯಾನ್ ಆದ ನಿಜವಾದ ಮಾರಾಟವನ್ನು ಎಣಿಸತೊಡಗಿದರು. ಕೆಲವೇ ವಾರದಲ್ಲಿ ಎನ್.ಡಬ್ಲ್ಯೂ.ಎ.ಯ ಹೊಸ ಆಲ್ಬಂ ದೇಶದ ಮೊದಲ ಸ್ಥಾನಕ್ಕೆ ಹೋಯಿತು. ನಗರದ ಹೊರಗಿನ ಅನುಕೂಲಸ್ಥ ಬಡಾವಣೆಗಳ ಬಿಳಿ ಹುಡುಗರೂ ಇದನ್ನು ದೊಡ್ಡ ಸಂಖ್ಯೆಯಲ್ಲಿ ಕೊಳ್ಳುತ್ತಿದ್ದರು. ಕಂಪನಿಗಳಿಗೆ ದಾರಿ ಸಿಕ್ಕಿತು. ಯಾವ ಬಗೆ ಹೆಚ್ಚು ಮಾರಾಟವಾಯಿತೋ ಅದನ್ನೇ ಮತ್ತೆ ಮತ್ತೆ ಮಾಡಿಸಿದರು. 1996ರಲ್ಲಿ ಬಂದ ದೂರಸಂಪರ್ಕ ಕಾಯ್ದೆ, ದೇಶದಲ್ಲಿ ಒಬ್ಬ ಮಾಲೀಕ ಎಷ್ಟು ರೇಡಿಯೊ ಕೇಂದ್ರ ಇಟ್ಟುಕೊಳ್ಳಬಹುದು ಎಂಬ ಮಿತಿಯನ್ನು ತೆಗೆದುಹಾಕಿತು. ಮೊದಲು 40 ಇದ್ದ ಮಿತಿ ಹೋಗಿ, ಕ್ಲಿಯರ್ ಚಾನೆಲ್ ಎಂಬ ಒಂದೇ ಕಂಪನಿಯ ಕೈಗೆ ಕೆಲವೇ ವರ್ಷದಲ್ಲಿ 1,200ಕ್ಕೂ ಹೆಚ್ಚು ಕೇಂದ್ರಗಳು ಬಂದವು. ಊರೂರಿನ ರೇಡಿಯೊದವರು ತಮ್ಮ ಓಣಿಯ ಹುಡುಗನ ಹಾಡು ಹಾಕುವ ಕಾಲ ಮುಗಿಯುತ್ತ ಬಂತು. ಹಾಡಲು ಬಾಯಿ ಇದ್ದ ಬಡ ಹುಡುಗನಿಗೆ ಯಾವ ವೇಷ ಹಾಕಿದರೆ ಒಪ್ಪಂದ ಸಿಗುತ್ತದೆ ಎಂಬುದು ಚೆನ್ನಾಗಿ ಗೊತ್ತಾಯಿತು. ಅವನ ಹೊಣೆ ಇಲ್ಲವೆಂದು ನಾನು ಹೇಳುವುದಿಲ್ಲ. ಚೆಕ್ ಬರೆದವನನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ ಅನ್ನುತ್ತೇನೆ.

ಇನ್ನು ಹೆಸರು ಕೆಟ್ಟಿದ್ದು ಈ ಹಾಡುಗಳಿಂದಲೇ ಎಂಬ ಮಾತು. ಅದನ್ನು ಒಪ್ಪಲಾರೆ. 1830ರ ದಶಕದಲ್ಲೇ ಬಿಳಿಯ ನಟರು ಮುಖಕ್ಕೆ ಮಸಿ ಬಳಿದುಕೊಂಡು ಕಪ್ಪು ಜನರನ್ನು ಪೆದ್ದರು, ಸೋಮಾರಿಗಳು ಅಂತ ಆಡಿ ತೋರಿಸಿ ದುಡ್ಡು ಮಾಡುತ್ತಿದ್ದರು. 1915ರಲ್ಲಿ 'ದಿ ಬರ್ತ್ ಆಫ್ ಎ ನೇಷನ್' ಎಂಬ ಸಿನಿಮಾ ಕಪ್ಪು ಗಂಡಸನ್ನು ಬಿಳಿ ಹೆಣ್ಣಿನ ಬೆನ್ನಟ್ಟುವ ಮೃಗದಂತೆ ತೋರಿಸಿತು. ಅಮೆರಿಕದ ಅಧ್ಯಕ್ಷರ ಮನೆಯಲ್ಲೇ ಅದರ ಪ್ರದರ್ಶನ ನಡೆಯಿತು. ಕೂಲ್ ಹರ್ಕ್‌ನ ಪಾರ್ಟಿಗೆ ಆಗ ಇನ್ನೂ 58 ವರ್ಷ ಬಾಕಿ ಇತ್ತು. ಇನ್ನೊಂದು ಲೆಕ್ಕ ನೋಡಿ. ಗ್ಯಾಂಗ್‌ಸ್ಟಾ ರ‍್ಯಾಪ್ ದೇಶವನ್ನೆಲ್ಲ ಆವರಿಸಿದ್ದು 90ರ ದಶಕದಲ್ಲಿ. ಅದೇ ದಶಕದಲ್ಲಿ ಅಮೆರಿಕದ ಕೊಲೆ ಪ್ರಮಾಣ ಲಕ್ಷ ಜನಕ್ಕೆ 9.8 ಇದ್ದದ್ದು 5.5ಕ್ಕೆ ಇಳಿಯಿತು. ಹಾಡಿನಲ್ಲಿ ಬಂದೂಕು ಹೆಚ್ಚಿತು, ಬೀದಿಯಲ್ಲಿ ಕೊಲೆ ಕಡಿಮೆಯಾಯಿತು. ನೋಡುವವರ ಭಯ ಮಾತ್ರ ಹಾಡಿನ ಹಿಂದೆಯೇ ಹೋಯಿತು.

ಆ ಭಯ ಹೇಗೆ ಕೆಲಸ ಮಾಡುತ್ತದೆ ಅಂತ ಕ್ಯಾರಿ ಫ್ರೀಡ್ ಎಂಬ ಮನಶ್ಶಾಸ್ತ್ರಜ್ಞೆ 1996ರಲ್ಲಿ ಪ್ರಕಟಿಸಿದ ಪ್ರಯೋಗ ತೋರಿಸುತ್ತದೆ. ಅವರು ಒಂದು ಹಳೆಯ ಹಾಡಿನ ಸಾಲುಗಳನ್ನು ಜನರಿಗೆ ಓದಲು ಕೊಟ್ಟರು. ಪೊಲೀಸನನ್ನು ಗುಂಡಿಕ್ಕಿ ಕೊಂದವನ ಕಥೆ ಅದು. ಅದನ್ನು 1960ರ ಸುಮಾರಿಗೆ ಹಾಡಿದ್ದು ಬಿಳಿಯರ ಜನಪದ ತಂಡ. ಕೆಲವರಿಗೆ ಇದು ಕಂಟ್ರಿ ಹಾಡು (ಹೆಚ್ಚಾಗಿ ಬಿಳಿಯರು ಹಾಡುವ ಹಳ್ಳಿ ಧಾಟಿ) ಅಂದರು, ಕೆಲವರಿಗೆ ರ‍್ಯಾಪ್ ಅಂದರು. ರ‍್ಯಾಪ್ ಅಂತ ತಿಳಿದವರಿಗೆ ಅದೇ ಸಾಲುಗಳು ಹೆಚ್ಚು ಅಪಾಯಕಾರಿ ಅನಿಸಿದವು. ಹಾಡಿದವನು ಕಪ್ಪು ಮನುಷ್ಯ ಎಂದಾಗಲೂ ಹಾಗೇ. 2016ರಲ್ಲಿ ಬೇರೆ ಸಂಶೋಧಕರು ಮತ್ತೆ ಇಂಥದ್ದೇ ಪ್ರಯೋಗ ಮಾಡಿದಾಗಲೂ ರ‍್ಯಾಪ್ ಎಂಬ ಹೆಸರೇ ಸಾಲುಗಳನ್ನು ಭಯಂಕರ ಮಾಡಿತ್ತು. ಸಿನಿಮಾದಲ್ಲಿ ಕೊಲೆಗಾರನ ಪಾತ್ರ ಮಾಡಿದವನನ್ನು ನಾವು ಕೊಲೆಗಾರ ಅನ್ನುವುದಿಲ್ಲ. ಈ ಹುಡುಗರಿಗೆ ಮಾತ್ರ ಆ ರಿಯಾಯಿತಿ ಇಲ್ಲ. ಅವರ ಪ್ರಾಸವನ್ನು ಕೋರ್ಟಿನಲ್ಲಿ ತಪ್ಪೊಪ್ಪಿಗೆ ಎಂಬಂತೆ ಓದುತ್ತಾರೆ. 2022ರಲ್ಲಿ ಜಾರ್ಜಿಯಾದಲ್ಲಿ ಯಂಗ್ ಥಗ್ ಎಂಬ ರ‍್ಯಾಪರ್ ಮತ್ತು ಅವನ ಜೊತೆಗಾರರ ಮೇಲೆ ಹಾಕಿದ ಆರೋಪಪಟ್ಟಿಯಲ್ಲಿ ಹಾಡಿನ ಸಾಲುಗಳೇ ಇದ್ದವು. ಅದೇ ವರ್ಷ ಕ್ಯಾಲಿಫೋರ್ನಿಯಾ, ಇಂಥ ಸಾಕ್ಷ್ಯಕ್ಕೆ ಕಡಿವಾಣ ಹಾಕುವ ಕಾನೂನು ತಂದಿತು.

ಕೋರ್ಟಿನ ಹೊರಗೆ ಬೆಲೆ ಇನ್ನೂ ಜಾಸ್ತಿ. 2012ರ ನವೆಂಬರಿನಲ್ಲಿ ಫ್ಲಾರಿಡಾದ ಜಾಕ್ಸನ್‌ವಿಲ್‌ನ ಪೆಟ್ರೋಲ್ ಬಂಕಿನಲ್ಲಿ ನಾಲ್ಕು ಕಪ್ಪು ಹುಡುಗರು ಕಾರಿನಲ್ಲಿ ಜೋರಾಗಿ ರ‍್ಯಾಪ್ ಹಾಕಿಕೊಂಡಿದ್ದರು. ಪಕ್ಕದ ಕಾರಿನ ಬಿಳಿಯ ಗಂಡಸಿಗೂ ಅವರಿಗೂ ಮಾತಿಗೆ ಮಾತು ಬೆಳೆಯಿತು. ಆತ ಗುಂಡು ಹಾರಿಸಿದ. 17 ವರ್ಷದ ಜೋರ್ಡನ್ ಡೇವಿಸ್ ಸತ್ತ. ಅವರ ಬಳಿ ಬಂದೂಕು ಇತ್ತು ಅಂತ ಆತ ವಾದಿಸಿದ. ಪೊಲೀಸರಿಗೆ ಯಾವ ಬಂದೂಕೂ ಸಿಗಲಿಲ್ಲ. 2014ರಲ್ಲಿ ಆತನಿಗೆ ಜೀವಾವಧಿ ಶಿಕ್ಷೆಯಾಯಿತು. ಆ ಹುಡುಗ ರ‍್ಯಾಪರ್ ಅಲ್ಲ ಮೇಷ್ಟ್ರೇ. ಹಾಡು ಕೇಳುತ್ತಿದ್ದ, ಅಷ್ಟೇ. ನಿಮ್ಮ ಮೊಮ್ಮಗನ ಹಾಗೆ.

ಮೊಮ್ಮಗನಿಗೆ ಬೇಡ ಅನ್ನಬೇಡಿ. ಕ್ವೀನ್ ಲತೀಫಾ ಹಾಕು ಅನ್ನಿ. ಲಾರಿನ್ ಹಿಲ್ ಹಾಕು ಅನ್ನಿ, ಅವಳ ಆಲ್ಬಮ್ಮಿಗೆ 1999ರಲ್ಲಿ ವರ್ಷದ ಅತ್ಯುತ್ತಮ ಆಲ್ಬಂ ಎಂಬ ಗ್ರ್ಯಾಮಿ ಬಂತು. ಕಾಂಪ್ಟನ್ನಿನವನೇ ಆದ ಕೆಂಡ್ರಿಕ್ ಲಾಮಾರ್‌ಗೆ 2018ರಲ್ಲಿ ಸಂಗೀತದ ಪುಲಿಟ್ಜರ್ ಪ್ರಶಸ್ತಿ ಸಿಕ್ಕಿತು. ಹೆಣ್ಣನ್ನು ಹೀನಾಯ ಮಾಡುವ ಹಾಡು ಬಂದರೆ, ಇದು ನನಗೆ ಹಿಡಿಸಲಿಲ್ಲ ಅಂತ ನೇರವಾಗಿ ಹೇಳಿ. ಸ್ಪೆಲ್‌ಮನ್ ಹುಡುಗಿಯರು ಹೇಳಿದ ಹಾಗೆ.

ನಮಗ್ಯಾಕೆ ಅಂದಿರಲ್ಲ, ಅದಕ್ಕೆ ಉತ್ತರ ಹೆಸರಘಟ್ಟದ ಹತ್ತಿರವೇ ಇದೆ. 2016ರ ಜನವರಿ ಕೊನೆಯಲ್ಲಿ ಅಲ್ಲಿ ಸುಡಾನ್‌ನವನೊಬ್ಬ ಓಡಿಸುತ್ತಿದ್ದ ಕಾರು ಬಡಿದು ಒಬ್ಬ ಮಹಿಳೆ ಸತ್ತರು. ಸ್ವಲ್ಪ ಹೊತ್ತಿನ ಮೇಲೆ ಬೇರೆ ಕಾರಿನಲ್ಲಿ ಬಂದ ತಾಂಜಾನಿಯಾದ ವಿದ್ಯಾರ್ಥಿನಿಯನ್ನು ಗುಂಪು ಹೊರಗೆಳೆದು ಹೊಡೆಯಿತು. ಕಾರಿಗೆ ಬೆಂಕಿ ಹಚ್ಚಿತು. ಅಪಘಾತಕ್ಕೂ ಅವಳಿಗೂ ಸಂಬಂಧವಿರಲಿಲ್ಲ. ದೇಶವೂ ಬೇರೆ. ಇದಕ್ಕೆ ರ‍್ಯಾಪ್ ಕಾರಣ ಅಂತ ನಾನು ಹೇಳುತ್ತಿಲ್ಲ. ಒಬ್ಬನ ಕೆಲಸವನ್ನು ಅವನ ಬಣ್ಣದವರೆಲ್ಲರ ಲೆಕ್ಕಕ್ಕೆ ಬರೆಯುವ ಅಭ್ಯಾಸ ನಮ್ಮಲ್ಲೂ ಇದೆ ಅಂತ ಹೇಳುತ್ತಿದ್ದೇನೆ. ನಿಮ್ಮ "ತಮ್ಮ ಜನರ ಹೆಸರು" ಎಂಬ ಮಾತಿನಲ್ಲಿ ನನಗೆ ಕೇಳಿಸಿದ್ದು ಅದೇ.

ಬೆಂಗಳೂರಿನ ಕಾಲೇಜುಗಳಲ್ಲಿ ಆಫ್ರಿಕಾದ ಹುಡುಗ ಹುಡುಗಿಯರು ಓದುತ್ತಿದ್ದಾರೆ. ಬಾಡಿಗೆ ಮನೆ ಹುಡುಕುವಾಗ ಅವರಿಗೆ ಏನೇನು ಅನುಭವವಾಯಿತು ಅಂತ ನಿಮ್ಮ ಮೊಮ್ಮಗ ವಿಚಾರಿಸಲಿ. ಅವನು ಒಪ್ಪಿದರೆ ಅದನ್ನು ಬರೆದು ಕಳಿಸಲಿ, ಅಚ್ಚು ಹಾಕುತ್ತೇವೆ.